ಅಬಕಾರಿ ನಾಕಾದಲ್ಲಿ ಒಂದು ಸೀಸೆ

ಮಸ್ಕಿಯ ಕಂಬಳಿ ವ್ಯಾಪಾರಿ ಗ್ಯಾನಪ್ಪನ ಕಾಲಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ. ಕಂಡವಳು ಹೆಂಡತಿ ಕಸ್ತೂರೆಮ್ಮ.

"ಹೆಬ್ಬೆಟ್ಟು ಬದ್ನಿಕಾಯಿ ಆಗೈತಿ. ನೋವಾಗವಲ್ದೇನು ನಿಮಗ?"

"ಏನೂ ಇಲ್ಲ ನೋಡು. ಗಟ್ಟಿ ಕಾಲು!"

"ಗಟ್ಟಿ ಅಲ್ಲ, ಖಬರಿಲ್ಲದ ಕಾಲು. ಸಕ್ಕರಿ ರೋಗದಾಗ ಹಿಂಗಾಕೈತಿ, ತಿಂಗಳಾ ಬಂದು ತೋರಿಸ್ರಿ ಅಂತ ಡಾಕ್ಟರ್ ಸಾಬ್ರು ಬಡ್ಕೊಂಡ್ರು. ಯುಗಾದಿಗೆ ಹೋದವ್ರು, ಮತ್ತ ಆ ಕಡೆ ಮುಖ ಹಾಕಿಲ್ಲ. ಬೆರಳು ಹೋದ ಮ್ಯಾಲೆ ಹೋಗ್ತೀರೇನು?"

ಲಿಂಗಸುಗೂರಿನ ಡಾಕ್ಟರ್ ಹುಸೇನಬಾಷಾ ಹೇಳಿದ್ದು ಅಷ್ಟೇ: ತಿಂಗಳಿಗೊಮ್ಮೆ ಮುಂಜಾನೆಯ ಮೊದಲ ಮೂತ್ರವನ್ನು ಸೀಸೆಯಲ್ಲಿ ತರಬೇಕು, ಕಣ್ಣು ಕಾಲು ತೋರಿಸಬೇಕು. ಮೈಯಲ್ಲಿ ಸಕ್ಕರೆ ಎಷ್ಟಿದೆಯೆಂದು ತಿಳಿಯದೆ ಅವರು ಕತ್ತಿ ಮುಟ್ಟುವವರಲ್ಲ. ನೋವಿಲ್ಲದ ರೋಗಕ್ಕಾಗಿ ಮೋಟಾರಿನಲ್ಲಿ ಧೂಳು ಕುಡಿಯುವುದೇಕೆ ಎಂದು ಗ್ಯಾನಪ್ಪ ಸುಮ್ಮನಿದ್ದ. ಈಗ ಬೆರಳಿನ ಮಾತು ಬಂದಿತ್ತು. ಸೀಸೆ ತುಂಬಿ, ಕಂಬಳಿ ತುಂಡಿನಲ್ಲಿ ಸುತ್ತಿ, ಹಸುಗೂಸಿನಂತೆ ಬಗಲಲ್ಲಿ ಅವುಚಿಕೊಂಡು ಮೋಟಾರು ಹತ್ತಿದ.

ಪಕ್ಕದಲ್ಲಿ ನೆರೆಮನೆಯ ಗದ್ದೆಮ್ಮ ಕೂತಿದ್ದಳು.

"ಏನದು ಗ್ಯಾನಪ್ಪ?"

"ಡಾಕ್ಟರಿಗೆ ಕೊಡೋದು."

"ಹೌದಾ? ಎಣ್ಣಿಯೇನು? ಜೇನಾ?"

"ಅಲ್ಲವ್ವಾ."

"ಮತ್ತ್ಯಾಕ ಮುಚ್ಚಿಡ್ತಿ? ನಾ ಏನು ಕಸ್ಕೋತೀನೇನು?"

ಗ್ಯಾನಪ್ಪ ಕಿಟಕಿಯಾಚೆ ನೋಡಿದ. ಉತ್ತರ ಸಿಗದ ಗದ್ದೆಮ್ಮ ಕುದಿಯುವ ಗಡಿಗೆಯಂತೆ ದಾರಿಯುದ್ದಕ್ಕೂ ಬುಸುಗುಟ್ಟಿದಳು. ಅಬಕಾರಿ ನಾಕಾದಲ್ಲಿ ಮೋಟಾರು ನಿಂತದ್ದೇ, ಕಳ್ಳ ಹೆಂಡದ ತಪಾಸಣೆಗೆ ಬಂದ ಜಮಾದಾರ ಅಂಬಪ್ಪನಿಗೆ ಕೂಗಿದಳು: "ಜಮಾದಾರ್ರ, ಇವ್ನ ಬಗಲಾಗ ನೋಡ್ರಿ!"

ಅಂಬಪ್ಪನ ನಾಲಗೆಯೆಂದರೆ ಇಲಾಖೆಯ ಹೆಮ್ಮೆ. ಹಿಡಿದ ಮಾಲನ್ನು ಅವನು ರುಚಿ ನೋಡಿಯೇ ಊರು, ಮರ, ಇಳಿಸಿದ ಹೊತ್ತು ಹೇಳುತ್ತಿದ್ದ. ಬಿರಡೆ ತೆಗೆದು ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿದ.

"ಸೇಂದಿ. ಮುಕ್ಕುಂದದ ಈಚಲು. ಇವತ್ತು ಮುಂಜಾನೆ ಇಳಿಸಿದ್ದು. ಸಿಹಿ ಚಲೋ ಐತಿ."

"ಮುಂಜಾನೆ ಇಳಿಸಿದ್ದು ಖರೇರಿ," ಎಂದ ಗ್ಯಾನಪ್ಪ, ಅಳುವ ದನಿಯಲ್ಲಿ. "ಆದ್ರ ಈಚಲದ್ದಲ್ಲ. ಅದು ನನ್ನ ಉಚ್ಚಿರಿ!"

ಮೋಟಾರು ನಕ್ಕಿತು. ಡ್ರೈವರ್ ಹಾರ್ನಿನ ಮೇಲೆ ಬಿದ್ದು ನಕ್ಕ. ಅಂಬಪ್ಪನ ಮೀಸೆಯೊಂದು ನಗಲಿಲ್ಲ. ಅವನು ಗ್ಯಾನಪ್ಪನ ಬೆವರು ನೋಡಿದ, ಬಾವು ಬಂದ ಕಾಲು ನೋಡಿದ. ಇವನು ಸುಳ್ಳು ಹೇಳುವವನಲ್ಲವೆಂದು ಅರಿವಾಗುತ್ತಿದ್ದಂತೆ ಅಂಗೈಯಿಂದ ಮೀಸೆ ಒರೆಸಿಕೊಂಡ. ಹಾಗೆಂದು ಒಪ್ಪಿಕೊಂಡರೆ ನಾಳೆ ತಾಲೂಕೆಲ್ಲ ಅವನನ್ನು ಏನೆಂದು ಕರೆದೀತು? ಸೀಸೆ ಹಿಡಿದು ಸರ್ರನೆ ನಾಕಾದ ಚಪ್ಪರದೊಳಗೆ ಹೋದ. ಇದ್ದದ್ದನ್ನು ಮೂಲೆಗೆ ಚೆಲ್ಲಿ, ಜಪ್ತಿ ಮಾಡಿದ್ದ ಗಡಿಗೆಯಿಂದ ಅಸಲಿ ಸೇಂದಿ ತುಂಬಿ, ಅರಗಿನ ಮೊಹರು ಒತ್ತಿ ಹೊರಬಂದ.

"ನಡಿ. ಇದು ಏನಂತ ಡಾಕ್ಟರ್ ಸಾಬ್ರೇ ಹೇಳ್ಲಿ."

ಗ್ಯಾನಪ್ಪನಿಗೆ ಸಂತೋಷವೇ ಆಯಿತು. ಸೀಸೆ ಹೇಗೂ ಅಲ್ಲಿಗೇ ಹೋಗಬೇಕಿತ್ತು.

ಲಿಂಗಸುಗೂರಿನ ದವಾಖಾನೆಯಲ್ಲಿ ಹುಸೇನಬಾಷಾ ಮೊಹರು ಒಡೆದು, ನೀಲಿ ದ್ರಾವಣಕ್ಕೆ ಹನಿಗಳನ್ನು ಬೆರೆಸಿ ದೀಪದ ಮೇಲೆ ಕಾಯಿಸಿದರು. ಅದು ಇಟ್ಟಿಗೆಯಂತೆ ಕೆಂಪಾಯಿತು.

"ಸಕ್ಕರಿ ವಿಪರೀತ ಐತಿ." ಆಮೇಲೆ ಸೀಸೆ ಮೂಸಿ ಹುಬ್ಬೇರಿಸಿದರು. "ಇದು ಸೇಂದಿ!"

"ನಾ ಹೇಳಿಲ್ಲೇನ್ರಿ!" ಎಂದ ಅಂಬಪ್ಪ.

"ಬಸವಣ್ಣನಾಣಿ, ಅದು ನನ್ನ ಮೈಯಿಂದಾನ ಬಂದದ್ದು!" ಗ್ಯಾನಪ್ಪ ಡಾಕ್ಟರರ ಮೇಜು ಮುಟ್ಟಿ ಆಣೆ ಮಾಡಿದ. "ಮನಿಯಾಗ ನಾನಽ ಕೈಯಾರೆ ತುಂಬೀನಿ. ಎಲ್ಲಿ ಬೇಕಾದ್ರೂ ಹೇಳ್ತೀನಿ!"

ಡಾಕ್ಟರು ತಲೆ ಕೆರೆದುಕೊಂಡರು. "ಇಪ್ಪತ್ತು ವರ್ಷದಾಗ ಇಂಥಾ ಕೇಸ್ ನೋಡಿಲ್ಲ. ತಿಂಗಳಾ ತೋರಿಸ್ಕೋ ಅಂದಿದ್ದೆ. ಬಿಟ್ಟರ ಒಳಗ ಏನೇನು ನಡೀತದೋ ಯಾರು ಬಲ್ಲರು! ಈಗ ಇಲ್ಲೇ, ನನ್ನ ಎದುರಿಗೆ, ಇನ್ನೊಂದು ಸೀಸೆ ತುಂಬಿಸು. ಅದನ್ನ ನೋಡಿಯೇ ನಾ ಬೆರಳಿಗೆ ಕೈ ಹಚ್ಚೋದು."

ಗ್ಯಾನಪ್ಪನಿಗೂ ಅದೇ ಬೇಕಿತ್ತು. ಮುಂಜಾನೆಯಿಂದ ತಡೆದಿದ್ದ. ಸೀಸೆಗೆ ಕೈ ಚಾಚಿದ.

ಅಂಬಪ್ಪ ಆ ಕೈ ಹಿಡಿದ. ಹೊಸ ಸೀಸೆ ತುಂಬಿದರೆ ತನ್ನ ಗತಿಯೇನೆಂದು ಅವನಿಗೆ ಹೊಳೆದಿತ್ತು. ಅದರೊಂದಿಗೇ ಕಾಯಿದೆಯೂ ಹೊಳೆಯಿತು.

"ತಡೀರಿ ಸಾಬ್ರ. ಸೇಂದಿ ತನ್ನ ಮೈಯಿಂದಾನ ಬರ್ತೈತಿ ಅಂತ ಇವನಽ ಆಣಿ ಮಾಡ್ಯಾನ. ಸರ್ಕಾರದಾಗ ಸೇಂದಿ ಕೊಡೋ ಒಂದೊಂದು ಮರಕ್ಕೂ ನಂಬರ್ ಹೊಡೀಬೇಕು. ಪರವಾನಗಿ ಇಲ್ದ ಹನಿ ಇಳಿಸಿದ್ರ ಜೇಲು."

"ನಾ ಮರ ಅಲ್ರಿ!"

"ಅದನ್ನ ರಾಯಚೂರಿನ ಕಚೇರಿಗೆ ಬರ್ಕೋ."

"ಪರವಾನಗಿ ಯಾವಾಗ ಬರ್ತೈತ್ರಿ?"

"ದಸರಾ ಆದ ಮ್ಯಾಲೆ."

ಕಾಯಿದೆಯ ಹೆಸರು ಕೇಳಿದ ಡಾಕ್ಟರು, ಇದು ತಮ್ಮ ಇಲಾಖೆಯದಲ್ಲವೆಂದು ಕೈ ತೊಳೆಯಲು ಎದ್ದರು. ಹಿಂದೆಯೇ ಬಂದಿದ್ದ ಗದ್ದೆಮ್ಮ ಬಾಗಿಲಲ್ಲಿ ನಿಂತು, "ಪಾಪ, ಕಸ್ತೂರೆಮ್ಮಗ ಈ ಸುದ್ದಿ ನಾನಽ ಮುಟ್ಟಿಸ್ತೀನಿ," ಎಂದಳು.

ಅಂಬಪ್ಪ ಚೀಲದಿಂದ ಡಾಂಬರಿನ ಡಬ್ಬಿ ತೆಗೆದ, ಗ್ಯಾನಪ್ಪನ ಅಂಗಿ ಮೇಲೆತ್ತಿದ, ನಂಬರ್ ಬರೆಯಲು ಬೆನ್ನಿಗೆ ಕುಂಚ ಇಟ್ಟ. ಗ್ಯಾನಪ್ಪ ಎರಡೂ ಕಾಲು ಹೆಣೆದುಕೊಂಡು, ಹಲ್ಲು ಕಚ್ಚಿ, ನಿಂತಲ್ಲೇ ಕುಣಿಯತೊಡಗಿದ.

"ಸುಮ್ನ ನಿಂದ್ರಲೇ," ಅಂಬಪ್ಪ ಬೈದ. "ಈಚಲುಮರ ಎಲ್ಲೆರ ಕುಣಿತೈತೇನು?"