ನೂರ ನಲವತ್ತಾರೋ, ನಲವತ್ತೆಂಟೋ?

ಅಕ್ಕ ಈಗ ಯಾವ ಬಣ್ಣದ ಸೀರೆ ಉಟ್ಟಿದ್ದಾಳೆ ಎಂದು ಕೇಳಿದರೆ ನನ್ನ ಭಾವ ಹಿಂತಿರುಗಿ ನೋಡಿಯೇ ಹೇಳಬೇಕು. ಆದರೆ ನೂರು ವರ್ಷಗಳ ಹಿಂದಿನ ರಷ್ಯನ್ ಸಿಪಾಯಿಯ ಹೆಗಲಪಟ್ಟಿ ಯಾವ ಬಣ್ಣದ್ದಿತ್ತು ಎಂದು ಕೇಳಿ ನೋಡಿ! ಅಥವಾ ಬೇಡ, ಕೇಳಬೇಡಿ. ಕೇಳಿದವರು ಯಾರೂ ಹೊತ್ತಿಗೆ ಸರಿಯಾಗಿ ಮನೆ ಸೇರಿದ್ದಿಲ್ಲ.

ಭಾವ ಉಡುಪಿಯವರು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಮೂವತ್ತು ವರ್ಷ ಎಂಜಿನಿಯರ್ ಆಗಿದ್ದು ಈಗ ನಿವೃತ್ತರು. ರಷ್ಯಕ್ಕೆ ಕಾಲಿಟ್ಟವರಲ್ಲ, ಸೈನ್ಯವನ್ನಂತೂ ದೂರದಿಂದಲೂ ಕಂಡವರಲ್ಲ. ಯಾವುದೋ ಫ್ಲೋಮಾರ್ಕ್ಟ್‌ನಲ್ಲಿ, ಅಂದರೆ ಹಳೆಯ ಸಾಮಾನಿನ ಸಂತೆಯಲ್ಲಿ, ಒಂದು ಹೆಗಲಪಟ್ಟಿ ಸಿಕ್ಕಿತಂತೆ. ಅಷ್ಟೇ! ಈಗ ಕಪಾಟಿನ ತುಂಬ ಅವೇ, ಅಕ್ಕನ ಸೀರೆಗಳೆಲ್ಲ ನೆಲಮಾಳಿಗೆಗೆ ಗಡಿಪಾರು.

ಒಮ್ಮೆ ಊರಿನಿಂದ ಹೊಸದಾಗಿ ಬಂದ ದಂಪತಿಯನ್ನು ಊಟಕ್ಕೆ ಕರೆದಿದ್ದರು. ಭಾವ ಅವರ ತಟ್ಟೆಯಲ್ಲಿ ನಾಲ್ಕು ಇಡ್ಲಿ ಸಾಲಾಗಿ ಇಟ್ಟರು. "ಇದು ಒಂದು ಡಿವಿಷನ್. ನಾಲ್ಕು ರೆಜಿಮೆಂಟ್. ಮೊದಲಿನ ಎರಡಕ್ಕೆ ಕೆಂಪು ಪಟ್ಟಿ" ಎಂದು ಎರಡು ಇಡ್ಲಿಗೆ ಕೆಂಪು ಚಟ್ನಿ ಸುರಿದರು. "ಕಡೆಯ ಎರಡಕ್ಕೆ ನೀಲಿ." ಅತಿಥಿ ಪಾಪ, ವಿನಯದಿಂದ ಮೇಜಿನ ಮೇಲೆಲ್ಲ ನೀಲಿ ಚಟ್ನಿ ಹುಡುಕಿದ!

"ಒಂದು ದಿನ ಇದನ್ನೆಲ್ಲ ಕಸಕ್ಕೆ ಹಾಕ್ತೇನೆ" ಎಂದು ಅಕ್ಕ ಹೇಳುವುದು.

"ಯಾವ ಡಬ್ಬಿಗೆ ಹಾಕ್ತಿ ಮಾರಾಯ್ತಿ? ಜರ್ಮನಿಯಲ್ಲಿ ಒಂದೊಂದು ಕಸಕ್ಕೂ ಬೇರೆ ಬೇರೆ ಡಬ್ಬಿ, ರೆಜಿಮೆಂಟಿಗೆ ಮಾತ್ರ ಇಲ್ಲ" ಎಂದು ಭಾವ ನಗುವುದು.

ಆ ನಗು ಒಂದು ಶುಕ್ರವಾರ ನಿಂತುಹೋಯಿತು. ನಾನು ನನ್ನ ಊರು ಗಾರ್ಕಿಂಗ್‌ನಿಂದ ವಾರಾಂತ್ಯಕ್ಕೆ ಅವರ ಮನೆಗೆ ಬಂದಿದ್ದೆ. ಮೇಲಿನ ಮಹಡಿಯ ಜರ್ಮನ್ ಅಜ್ಜಿ ಒಂದು ತಗಡಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಎಂಬತ್ತು ದಾಟಿದವರು, ಸೋಮವಾರ ಅವರಿಗೆ ಹೃದಯದ ಆಪರೇಷನ್. ಡಬ್ಬಿಯಲ್ಲಿ ಒಂದು ಫೋಟೊ, ಒಂದು ಹೆಗಲಪಟ್ಟಿ.

ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಬ್ಬರು ರಷ್ಯನ್ನರು ಅವರ ತಾಯಿಯ ತಾಯಿಯ ಹೊಲದಲ್ಲಿ ದುಡಿಯುತ್ತಿದ್ದರಂತೆ. ಅವರಲ್ಲೊಬ್ಬ ಇವರ ತಾಯಿಯ ತಂದೆ. ಯಾರು ಎಂದು ಆ ಹೊಲದ ಅಜ್ಜಿ ಸಾಯುವವರೆಗೂ ಬಾಯಿ ಬಿಡಲಿಲ್ಲ; ಅವನು ಬಿಟ್ಟುಹೋದ ಪಟ್ಟಿಯನ್ನು ಮಾತ್ರ ಮಗಳಿಗೆ ಕೊಟ್ಟರು. ಫೋಟೊದ ಹಿಂದೆ ಇಬ್ಬರ ಹೆಸರು, ರೆಜಿಮೆಂಟಿನ ಸಂಖ್ಯೆ: ಎತ್ತರದವನದು 146, ಪಕ್ಕದವನದು 148.

"ಚಿಕ್ಕಂದಿನಿಂದ ನಾನು ಈ ಎತ್ತರದವನಿಗೇ ಗುಡ್‌ನೈಟ್ ಹೇಳುತ್ತ ಬಂದವಳು. ಎಷ್ಟು ಚಂದ ಇದ್ದಾನೆ ನೋಡಿ! ಸೋಮವಾರದ ಮೊದಲು ಖಚಿತ ಮಾಡಿಕೊಡುತ್ತೀರಾ?" ಎಂದರು.

ಪಟ್ಟಿಯ ಮೇಲಿನ ರೆಜಿಮೆಂಟ್ ಸಂಖ್ಯೆಯಲ್ಲಿ 1 ಇತ್ತು, 4 ಇತ್ತು. ಮೂರನೆಯ ಅಂಕಿಯ ಕೆಳಗಿನ ಸೊನ್ನೆ ಮಾತ್ರ ಉಳಿದಿತ್ತು. ಆರೋ, ಎಂಟೋ? 145ರಿಂದ 148ರವರೆಗೆ ಒಂದೇ ಡಿವಿಷನ್; ಇಡ್ಲಿಯ ಲೆಕ್ಕದಲ್ಲಿ 146 ಆದರೆ ಬಟ್ಟೆ ಕೆಂಪಿರಬೇಕು, 148 ಆದರೆ ನೀಲಿ. ಆದರೆ ಬಟ್ಟೆ ಬಿಸಿಲಿಗೋ ಕಾಲಕ್ಕೋ ಮಾಸಿ ಚಹಾದ ಬಣ್ಣಕ್ಕೆ ತಿರುಗಿತ್ತು.

ಶನಿವಾರವಿಡೀ ಭಾವ ಭೂತಗನ್ನಡಿ ಬಿಟ್ಟು ಏಳಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಯನ್ನೂ ಮುಟ್ಟಲಿಲ್ಲ. "ಹೊಲಿಗೆ ಬಿಚ್ಚಿದ್ರೆ ಒಳಮಡಿಕೆಯಲ್ಲಿ ನಿಜವಾದ ಬಣ್ಣ ಉಂಟು. ಆದ್ರೆ ಹರಿದ್ರೆ? ಅವರಿಗೆ ಇರೋದು ಇದೊಂದೇ ಅಲ್ವಾ?" ಅಜ್ಜಿ ಬಿಚ್ಚಲು ಒಪ್ಪಿದರು. ಆದರೆ ಭಾವ ಸೂಜಿಯನ್ನು ಪಟ್ಟಿಯ ಹತ್ತಿರ ತಂದು ಮೂರು ಸಲ ಹಿಂದಕ್ಕೆ ತೆಗೆದರು.

"ಕೊಡಿ ಇಲ್ಲಿ" ಎಂದಳು ಅಕ್ಕ. "ಎಷ್ಟು ರವಿಕೆಯ ಹೊಲಿಗೆ ಬಿಚ್ಚಿದ್ದೇನೆ ನಾನು!"

ಒಂದು ಹೊಲಿಗೆ. ಇನ್ನೊಂದು. ಮೂರನೆಯದಕ್ಕೆ ಬಟ್ಟೆ ಚರ್ ಎಂದಿತು. ಅದೃಷ್ಟಕ್ಕೆ ಹರಿದದ್ದು ನೂಲು ಮಾತ್ರ. ಅಕ್ಕ ಮಡಿಕೆಯನ್ನು ಮೆಲ್ಲಗೆ ಬಿಡಿಸಿದಳು.

ನೀಲಿ. ನಿನ್ನೆ ನೇಯ್ದ ಹಾಗೆ ಅಚ್ಚ ನೀಲಿ.

ಸರಿಯಾದ ಉತ್ತರ ಸಿಕ್ಕಿತು, ಆದರೆ ಭಾವನ ಮುಖ ನೋಡಲಾಗುತ್ತಿರಲಿಲ್ಲ. ಅಕ್ಕ ಪಿಸುಗುಟ್ಟಿದಳು: "ಕೆಂಪು ಅಂತ ಹೇಳಿಬಿಡಿ. ನಾಳೆ ಆಪರೇಷನ್. ಯಾರಿಗೆ ಎಂತ ನಷ್ಟ?"

"ಹಾಗೆ ಹೇಳ್ಲಿಕ್ಕಾಗ್ತದಾ ಮಾರಾಯ್ತಿ? ಆ ಪಕ್ಕದವನೂ ನೂರು ವರ್ಷದಿಂದ ಕಾಯ್ತಾ ಇದ್ದಾನಲ್ಲ" ಎಂದರು ಭಾವ.

ಮಹಡಿಯ ಮೆಟ್ಟಿಲು ಅಂದು ಮುಗಿಯಲೇ ಇಲ್ಲ. ಭಾವ ಅಜ್ಜಿಯೆದುರು ಮಡಿಕೆ ಬಿಡಿಸಿ ತೋರಿಸಿ, "ನೀಲಿ. ಪಕ್ಕದವನು" ಎಂದಷ್ಟೇ ಹೇಳಿದರು. ಜೀವಮಾನದಲ್ಲೇ ಅವರ ಅತಿ ಚಿಕ್ಕ ಉಪನ್ಯಾಸ!

ಅಜ್ಜಿ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನಾನು ಅವರ ಎದೆಯನ್ನೇ ನೋಡುತ್ತಿದ್ದೆ, ಏರಿಳಿಯುತ್ತಿದೆಯೇ ಎಂದು.

"ಇವನ ಈ ಅಗಲ ಕಿವಿಗಳು... ನನ್ನ ತಾಯಿ ಸಾಯುವವರೆಗೂ ಕೂದಲಲ್ಲಿ ಮುಚ್ಚಿಕೊಂಡದ್ದು ಇವನ್ನೇ" ಎಂದರು. ಆಮೇಲೆ ತಮ್ಮ ಬಿಳಿ ಕೂದಲನ್ನು ಮೆಲ್ಲನೆ ಕಿವಿಯ ಹಿಂದಕ್ಕೆ ಸರಿಸಿಕೊಂಡು ಫೋಟೊದವನಿಗೆ ತೋರಿಸಿದರು.

ಮರುದಿನ ಟ್ಯಾಕ್ಸಿಯಲ್ಲಿ ಅವರ ಜೊತೆಗೆ ಭಾವನೂ ಹತ್ತಿದರು. ಯಾರೂ ಹೇಳಿರಲಿಲ್ಲ. ಅವರಿಗೆ ಬೇರೆ ಯಾರೂ ಇರಲೂ ಇಲ್ಲ.

ಸಂಜೆ ಆಸ್ಪತ್ರೆಯಿಂದ ಭಾವನ ಫೋನ್ ಬಂತು. ಹೊರಡದೆ ಉಳಿದಿದ್ದ ನನಗೂ ಸ್ಪೀಕರಿನಲ್ಲಿ ಕೇಳಿಸಿತು.

"ಅಜ್ಜಿ ಕಣ್ಣು ಬಿಟ್ಟರು ಮಾರಾಯ್ತಿ" ಎಂದವರೇ ಭಾವ ಮಗುವಿನಂತೆ ಅಳತೊಡಗಿದರು. ಅವರ ಅಳು ನಿಲ್ಲುವವರೆಗೂ ಅಕ್ಕ ಫೋನ್ ಇಡಲಿಲ್ಲ.