ಉಂಡದ್ದು ಮತ್ತು ತಿಂದದ್ದು

ನನ್ನ ಹೊಟ್ಟೆಯ ವಿಷಯವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನನಗೆಂದೂ ನಾಚಿಕೆಯಾಗಿಲ್ಲ. ಐವತ್ತು ದಾಟಿದ ಗಂಡಸರು ಸೇರಿದಾಗ ಮಳೆ, ರಾಜಕೀಯ ಎರಡೂ ಐದು ನಿಮಿಷಕ್ಕೆ ಮುಗಿಯುತ್ತವೆ. ಆಮೇಲೆ ಉಳಿಯುವುದು ಹೊಟ್ಟೆಯೇ. ನಾನು ಆಂಧ್ರದ ಆದೋನಿಯಲ್ಲಿ ಹತ್ತಿ ದಲ್ಲಾಳಿ. ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ ಅದರ ಗುಣ ಹೇಳಬಲ್ಲೆ. ನಾಳೆ ಬೆಳಿಗ್ಗೆ ನನ್ನ ಹೊಟ್ಟೆ ಏನು ಮಾಡೀತೆಂದು ಮಾತ್ರ ಹೇಳಲಾರೆ. ಒಂದು ದಿನ ಕಲ್ಲು, ಒಂದು ದಿನ ನಗಾರಿ.

ಹೀಗಿರುವಾಗ ಎಮ್ಮಿಗನೂರಿಗೆ ಕೊಟ್ಟ ನನ್ನ ತಂಗಿಯ ಮಗಳು ಶೈಲಜಾ ಹೈದರಾಬಾದಿನಿಂದ ರಜೆಗೆ ಬಂದಳು. ಅಲ್ಲಿ ಅವಳದು ವಿಚಿತ್ರ ಸಂಶೋಧನೆ. ಮನುಷ್ಯನ ಕರುಳಿನ ಬ್ಯಾಕ್ಟೀರಿಯಾಗಳನ್ನು ಕಂಪ್ಯೂಟರಿನೊಳಗೆ ಸಾಕುತ್ತಾಳೆ. ನಿಜವಾದವಲ್ಲ, ಬರೀ ಗಣಿತ. ಇಂಥ ಆಹಾರ ಹಾಕಿದರೆ ಯಾವ ಜಾತಿ ಹೆಚ್ಚುತ್ತದೆ, ಯಾವುದು ಸೊರಗುತ್ತದೆ ಎಂದು ಅದು ಮೊದಲೇ ಹೇಳುತ್ತದಂತೆ. ಈರುಳ್ಳಿ, ಬೆಳ್ಳುಳ್ಳಿ, ಜೋಳದಲ್ಲಿ ನಮಗೆ ಜೀರ್ಣವಾಗದ ನಾರು ಇರುತ್ತದೆ. ಅದು ಕೆಳಗಿಳಿದು ಒಳ್ಳೆಯ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಅದಕ್ಕೆ ಪ್ರಿಬಯಾಟಿಕ್ ಎಂದು ಹೆಸರು. ನನಗೆ ತಿಳಿಯಲೆಂದು ‘ಮೇವು’ ಅಂದಳು. ಇಷ್ಟು ವರ್ಷ ನನ್ನೊಡನೆ ಕೋಟಿಗಟ್ಟಲೆ ಜನ ಪಂಕ್ತಿಗೆ ಕೂತಿದ್ದರೂ ನಾನೊಮ್ಮೆಯೂ ವಿಚಾರಿಸಿರಲಿಲ್ಲ. ನನಗೆ ಕುತೂಹಲ ತಡೆಯಲಾಗಲಿಲ್ಲ.

ಅವಳ ಗಣಿತ ಸರಿಯೋ ಎಂದು ನೋಡಲು ನಿಜವಾದ ಹೊಟ್ಟೆಗಳು ಬೇಕಿದ್ದವು. ನಾನೇ ಮುಂದಾದೆ, ಜೊತೆಗೆ ಮೂವರು ದಲ್ಲಾಳಿ ಗೆಳೆಯರನ್ನೂ ಎಳೆದೆ. “ಮಾಮಾ, ಹದಿನೈದು ದಿನ ಏನೇನ್ ಉಂಡ್ರಿ, ಎಲ್ಲಾ ಬರದಿಡ್ರಿ” ಎಂದು ನೋಟ್‌ಬುಕ್ ಕೊಟ್ಟಳು. ಶ್ರದ್ಧೆಯಿಂದ ಬರೆದೆವು: ಜೋಳದ ರೊಟ್ಟಿ, ಹಸಿ ಈರುಳ್ಳಿ, ಪುಂಡಿ ಪಲ್ಲೆ, ಒಂದಿಷ್ಟು ಅನ್ನ, ಮಜ್ಜಿಗೆ. ಕೊನೆಗೆ ತಲಾ ಒಂದು ಡಬ್ಬಿಯಲ್ಲಿ ಮಾದರಿಯನ್ನೂ ಕೊಟ್ಟೆವು. ಅದರ ವರ್ಣನೆ ಬೇಡ.

ತಿಂಗಳಾದ ಮೇಲೆ ಅವಳ ಫೋನು ಬಂತು. ಕಂಪ್ಯೂಟರಿನ ಪ್ರಕಾರ ನಮ್ಮ ನಾಲ್ವರದೂ ಋಷಿಗಳ ಹೊಟ್ಟೆ. ಡಬ್ಬಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳು ಮಾತ್ರ ಬೇರೆಯೇ ಊರಿನ ಜನ. ಹೀಗಾದರೆ ಎರಡು ವರ್ಷದ ಕೆಲಸವನ್ನು ಮೊದಲಿನಿಂದ ಮಾಡಬೇಕೆಂದು ಅವಳ ಗೈಡು ಹೇಳಿದ್ದರಂತೆ. “ನಂದೇ ಎಲ್ಲೋ ತಪ್ಪೈತಿ ಮಾಮಾ” ಎಂದು ಹುಡುಗಿ ಅತ್ತೇಬಿಟ್ಟಳು. ನನಗೆ ಬಹಳ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಮಾರ್ಕೆಟ್ ಯಾರ್ಡಿನ ಮುಂದೆ ನಾವು ನಾಲ್ವರೂ ಎಂದಿನಂತೆ ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಈ ದುಃಖವನ್ನೇ ಹಂಚಿಕೊಳ್ಳುತ್ತಿದ್ದೆವು. ದೇವನಕೊಂಡದಿಂದ ಹತ್ತಿ ತಂದಿದ್ದ ರೈತರೊಬ್ಬರು ಊಟವಾಯಿತೇ ಎಂದು ಕೇಳಿದರು. ಬಾಯಿ ತುಂಬ ಬಜ್ಜಿ ಇಟ್ಟುಕೊಂಡೇ ನಾನು “ಎಲ್ಲೀದ್ರಿ, ಇನ್ನಾ ಏನೂ ಉಂಡಿಲ್ಲ” ಅಂದೆ. ಅಂದದ್ದೇ ತಡ, ಬಜ್ಜಿ ಗಂಟಲಲ್ಲಿ ನಿಂತಿತು.

ನಮ್ಮಲ್ಲಿ ಉಣ್ಣುವುದು ಬೇರೆ, ತಿನ್ನುವುದು ಬೇರೆ. ರೊಟ್ಟಿ, ಅನ್ನ ಉಣ್ಣುತ್ತೇವೆ; ಬಜ್ಜಿ ತಿನ್ನುತ್ತೇವೆ. ತೆಲುಗು ಶಾಲೆಯಲ್ಲಿ ಓದಿದ ಶೈಲಜಾ ತೆಲುಗಿನಲ್ಲೇ ಯೋಚಿಸಿ ಕನ್ನಡದಲ್ಲಿ ಕೇಳಿದ್ದಳು. ತೆಲುಗಿನಲ್ಲಿ ಅನ್ನವನ್ನೂ ತಿನ್ನುತ್ತಾರೆ, ಬಜ್ಜಿಯನ್ನೂ ತಿನ್ನುತ್ತಾರೆ. ಹಿರಿಯರಿಗೆ ‘ತಿಂದ್ರಿ’ ಅನ್ನಬಾರದೆಂದು ಅವಳು ‘ಉಂಡ್ರಿ’ ಅಂದಿದ್ದಳು, ಅದರಲ್ಲೇ ಎಲ್ಲ ಬಂತೆಂದುಕೊಂಡು. ನಾವು ನಾಲ್ವರು ಪ್ರಾಮಾಣಿಕರು ಉಂಡದ್ದನ್ನಷ್ಟೇ ಬರೆದಿದ್ದೆವು.

ಅಲ್ಲಿಂದಲೇ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ: ಉಗ್ಗಾಣಿ, ನಾಲ್ಕು ಬಜ್ಜಿ, ಐದಾರು ಚಾ, ವ್ಯಾಪಾರ ಕುದುರಿದರೆ ಜಿಲೇಬಿ.

“ದಿನಾನಾ, ಮಾಮಾ?”

“ದಿನಾ. ಆದ್ರ ಒಂದಿನಾನೂ ಉಂಡಿಲ್ಲ ಬಿಡವ್ವಾ.”

ಹೊಸ ಪಟ್ಟಿ ಹಾಕಿದಾಗ ಕಂಪ್ಯೂಟರು ಹೇಳಿದ್ದೂ ಡಬ್ಬಿ ಹೇಳಿದ್ದೂ ಹೊಂದಿಕೊಂಡವು. ಹುಡುಗಿಯ ಕೆಲಸ ಉಳಿಯಿತು. ಅಂದು ನನಗಾದ ಸಮಾಧಾನ ಇಷ್ಟಿಷ್ಟಲ್ಲ. ಆಮೇಲೆ ಅವಳು ನನ್ನ ಪಟ್ಟಿಯಿಂದ ಬಜ್ಜಿ, ಜಿಲೇಬಿ ತೆಗೆದು, ಈರುಳ್ಳಿ, ಕಾಳು ಹೆಚ್ಚಿಸಿ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಲೆಕ್ಕ ಓಡಿಸಿದಳಂತೆ. ಕಂಪ್ಯೂಟರಿನೊಳಗಿನ ನಾನು ಹತ್ತೇ ದಿನಕ್ಕೆ ಪೂರ್ತಿ ಗುಣವಾಗಿದ್ದೇನೆ. ಗೆಳೆಯರಿಗೆ ಈ ಸಿಹಿ ಸುದ್ದಿ ಹೇಳಿ, ಇನ್ನೊಂದು ತಟ್ಟೆ ಬಜ್ಜಿ ತರಿಸಿದೆ. ನಮ್ಮಿಬ್ಬರಲ್ಲಿ ಒಬ್ಬನಾದರೂ ಪಥ್ಯ ಮಾಡುತ್ತಿದ್ದಾನಲ್ಲ!