ವಿಮಾನದ ಹೊಲದಲ್ಲಿ ಚರಗ

ವಿಮಾನದ ನೆಲೆಗೆ ಹೋದ ಹೆಂಗಸು ಹೇಗೆ ನಡೆದುಕೊಳ್ಳಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸೆರಗು ತಲೆಯ ಮೇಲಿರಬೇಕು. ಯಾರನ್ನೂ ಮಾತಾಡಿಸಬಾರದು. ಏನನ್ನೂ ಮುಟ್ಟಬಾರದು. ಆ ದಿನ ಇದೆಲ್ಲವನ್ನೂ ತಪ್ಪದೆ ಪಾಲಿಸಿದೆ. ಆದರೂ ನನ್ನಿಂದಾಗಿ ಒಂದು ವಿಮಾನ ಇಳಿಯಲಾರದೆ ಆಕಾಶದಲ್ಲೇ ಸುತ್ತು ಹಾಕಿತು.

ಪ್ರತಿ ಎಳ್ಳ ಅಮಾವಾಸ್ಯೆಗೂ ನೀವು ಮೊಮ್ಮಕ್ಕಳು ನಗುತ್ತ ಕೇಳುತ್ತೀರಲ್ಲ, "ಅಜ್ಜಿ, ಕಾಗಿಗೆ ಯಾರರೆ 'ಬರ್ರಿ' ಅಂತಾರೇನ?" ಎಂದು. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು. ಅದಕ್ಕೇ ಬರೆದಿಡುತ್ತಿದ್ದೇನೆ.

ಆಗ ನಿಮ್ಮ ಅಜ್ಜ ದಾಂಡೇಲಿಯ ಕಾಗದದ ಗಿರಣಿಯಲ್ಲಿದ್ದರು. ನನ್ನ ತಮ್ಮ ಹನಮಂತ ವಿಮಾನದ ದಂಡಿಗೆ ಸೇರಿ, ಬೆಳಗಾವಿ ಕಡೆಯ ನೆಲೆಯಲ್ಲಿದ್ದ. ವಿಮಾನಕ್ಕೆ ಸಾಮಾನು ತುಂಬುವುದು, ಅದರ ಜೊತೆಗೇ ಹಾರುವುದು ಅವನ ಕೆಲಸ. "ಹನಮಪ್ಪನ ಹೆಸರಿಟ್ಟಿದ್ದ ತಪ್ಪಾತು, ಹಾರಿಕೋತ ಹೋದ" ಎಂದು ನಮ್ಮವ್ವ ಅಳುತ್ತಿದ್ದಳು. ಚಳಿಗಾಲದಲ್ಲಿ ಅವನಿಂದ ಸುದ್ದಿ ಬಂತು. ಅವನನ್ನು ಉತ್ತರದ ಗಡಿಗೆ ಕಳಿಸುತ್ತಾರಂತೆ. ಅದಕ್ಕೂ ಮೊದಲು ಒಂದು ದಿನ ಮನೆಯವರು ಬಂದು ನೋಡಬಹುದಂತೆ. ಬರುವಾಗ ಅಕ್ಕ ಕರಿಗಡಬು ತರಬೇಕಂತೆ.

ಆ ದಿನವೇ ಎಳ್ಳ ಅಮಾವಾಸ್ಯೆ ಬಿತ್ತು. ನಮ್ಮಲ್ಲಿ ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಎಲ್ಲ ಅಡಿಗೆಯನ್ನೂ ಕಲಸಿ ಭೂಮಿತಾಯಿಗೆ ಚರಗ ಚೆಲ್ಲಿದ ಮೇಲೆಯೇ ಊಟ. ಗಿರಣಿಯ ಕ್ವಾರ್ಟರ್ಸಿನಲ್ಲಿ ನಮಗೆಲ್ಲಿಯ ಹೊಲ? ಹೊರಡುವಾಗ ಅತ್ತೆಯವರು ಬುಟ್ಟಿಯ ಮೇಲೆ ಕೈಯಿಟ್ಟು ಹೇಳಿದರು.

"ಚರಗ ಚೆಲ್ಲದ ಯಾರ ಬಾಯಿಗೂ ತುತ್ತು ಇಡಬ್ಯಾಡವಾ. ದೂರ ಹೊಂಟ ಹುಡುಗ. ಭೂಮಿತಾಯಿ ಸಿಟ್ಟಾಗಬಾರದು."

ಹಳಿಯಾಳದ ಮೇಲಿಂದ ಬಸ್ಸು ಹಿಡಿದು ಹೋದೆವು. ಹನಮಂತ ಬಾಗಿಲಲ್ಲೇ ಕಾಯುತ್ತಿದ್ದ. ತಲೆ ಬೋಳಿಸಿದಂತೆ ಕೂದಲು ಕತ್ತರಿಸಿದ್ದರು. ನೋಡಿ ನನಗೆ ಅಳು ಬಂತು. ಅವನಿಗೆ ಬುಟ್ಟಿ ನೋಡಿ ನಗು ಬಂತು. ಬಂದವರಿಗಾಗಿ ಒಂದು ಬೇವಿನ ಮರದ ಕೆಳಗೆ ಜಮಖಾನ ಹಾಸಿದ್ದರು. ಕೂತವನೇ ಬುಟ್ಟಿಗೆ ಕೈ ಹಾಕಿದ.

"ಒಂದ ಒಂದು ಕಡಬು ಕೊಡಕ್ಕಾ. ಇಲ್ಲಿ ರೋಟಿ-ದಾಲ್ ತಿಂದು ತಿಂದು ನನ್ನ ಹೊಟ್ಟಿ ಹಿಂದಿ ಮಾತಾಡಾಕ ಹತ್ತೇತಿ."

ನಾನು ಅವನ ಕೈಗೆ ಒಂದೇಟು ಹಾಕಿದೆ. "ಮೊದಲ ಚರಗ. ಆಮ್ಯಾಲ ನಿನ್ನ ಬಾಯಿ."

"ಇಲ್ಲಿ ಎಲ್ಲಿ ಚೆಲ್ತೀ? ತಡಿ, ಸಾಹೇಬರನ್ನ ಕೇಳಿ, ಹಂಗ ನೀರು ತರ್ತೇನಿ" ಎಂದು ಹೋದ. ನಿಮ್ಮ ಅಜ್ಜ ಅತ್ತ ಹೋಗಿ, ದೂರದ ವಿಮಾನವೊಂದನ್ನು ಸಂತೆಯಲ್ಲಿ ಎತ್ತು ಕೊಳ್ಳಲು ಬಂದವರಂತೆ ಹಿಂದೆ ಮುಂದೆ ನೋಡುತ್ತ ನಿಂತಿದ್ದರು.

ನಾನೊಬ್ಬಳೇ ಉಳಿದೆ. ಎದುರಿಗೆ ಕಣ್ಣು ಮುಟ್ಟುವವರೆಗೆ ಹಸಿರು ಹುಲ್ಲು. ಇಷ್ಟು ದೊಡ್ಡ ಹೊಲ ಇದ್ದೂ ಎಲ್ಲಿ ಚೆಲ್ತೀ ಅಂತಾನಲ್ಲ ಎಂದುಕೊಂಡೆ. ನಡುವೆ ಒಂದು ಹಗ್ಗ ಕಟ್ಟಿದ್ದರು. ಹಗ್ಗ ಕಟ್ಟುವುದು ದನ ಬರಬಾರದೆಂದು. ನಾನೇನು ದನವೇ? ನುಸುಳಿ ಹೋದೆ.

ಚರಗ ಚೆಲ್ಲುವಾಗ ದೊಡ್ಡ ದನಿಯಲ್ಲಿ ಕೂಗಬೇಕು. ಗಂಡನ ಎದುರಿಗೇ ದನಿ ಎತ್ತಿದವಳಲ್ಲ ನಾನು. ಆದರೆ ದೂರ ಹೊರಟ ತಮ್ಮನ ಹೆಸರಿನ ಚರಗವನ್ನು ಪಿಸುಗುಟ್ಟಿ ಚೆಲ್ಲಲಾದೀತೇ? ನಾಲ್ಕು ದಿಕ್ಕಿಗೂ ಕೂಗಿ, ಕಡಬು, ಪುಂಡಿಪಲ್ಯ, ಅನ್ನ ಕಲಸಿದ್ದನ್ನು ಬೊಗಸೆ ತುಂಬ ತುಂಬಿಕೊಂಡು ಬೀಸಿದೆ.

ಭೂಮಿತಾಯಿ ಸಂತೋಷಪಟ್ಟಳೋ ಇಲ್ಲವೋ, ಕಾಗೆಗಳು ಪಟ್ಟವು. ಮೊದಲು ಒಂದು ಬಂತು. ಅದು ಬಳಗವನ್ನು ಕರೆಯಿತು. ಹದ್ದುಗಳು ಬಂದವು, ಬೆಳ್ಳಕ್ಕಿ ಬಂದವು. ನನಗೋ ಆನಂದ. ಇಷ್ಟು ಚಂದ ಚರಗ ನಮ್ಮೂರಲ್ಲೂ ಆಗಿರಲಿಲ್ಲ.

ಅಷ್ಟರಲ್ಲಿ ಎಲ್ಲೋ ಸೈರನ್ ಕೂಗಿತು. ಕೆಂಪು ಬಾವುಟ ಏರಿತು. ಒಂದು ಜೀಪು ಧೂಳೆಬ್ಬಿಸಿಕೊಂಡು ನನ್ನ ಕಡೆಗೇ ಬಂತು. ಇಳಿಯಲು ಬಂದ ವಿಮಾನ ಮತ್ತೆ ಮೇಲೇರಿ ಹೋಯಿತು. ಒಂದು ಹಕ್ಕಿ ಬಡಿದರೂ ವಿಮಾನ ಬೀಳಬಹುದು ಎಂಬುದು ನನಗೆ ಆಮೇಲೆ ತಿಳಿಯಿತು.

ಸಾಹೇಬರು ಹಿಂದಿಯಲ್ಲಿ ಏನೋ ಕೇಳಿದರು. ನಾನು ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡೆ. ನಿಮ್ಮ ಅಜ್ಜ ಓಡಿ ಬಂದು, ತಮ್ಮ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ಖೇತ್ ಪೂಜಾ, ಸಾಬ್" ಎಂದರು. ಹೊಲದ ಪೂಜೆ ಎಂದರ್ಥ.

"ಕಿಸಕಾ ಖೇತ್?" ಯಾರ ಹೊಲ ಎಂದರು ಸಾಹೇಬರು.

"ಆಪಕಾ, ಸಾಬ್." ನಿಮ್ಮದೇ ಎಂದರು ಇವರು.

ಸಾಹೇಬರ ಮೀಸೆ ಅಲುಗಿದ್ದು ಸಿಟ್ಟಿಗೋ ನಗುವಿಗೋ ತಿಳಿಯಲಿಲ್ಲ. ನಮ್ಮನ್ನು, ಬುಟ್ಟಿಯನ್ನು ಜೀಪಿಗೆ ಹತ್ತಿಸಿ ಹೊರಬಾಗಿಲಿಗೆ ತಂದು ಬಿಟ್ಟರು. ಹನಮಂತನಿಗೂ ಅವನ ಜೊತೆಯವರಿಗೂ ಹಕ್ಕಿ ಓಡಿಸಿ, ಹುಲ್ಲಿನಲ್ಲಿ ಬಿದ್ದ ಅನ್ನ ಆಯುವ ಕೆಲಸ ಹಚ್ಚಿದರು.

ತಮ್ಮನನ್ನು ಕಣ್ತುಂಬ ನೋಡಲು ಹೋದವಳು ತಂತಿಯ ಬೇಲಿಯಾಚೆಯಿಂದ ನೋಡಿದೆ. ತಗಡಿನ ಡಬ್ಬಿ ಬಡಿಯುತ್ತ, "ಹೋ, ಹೋ" ಎನ್ನುತ್ತ ಕಾಗೆಗಳ ಹಿಂದೆ ಓಡುತ್ತಿದ್ದ. ಸಣ್ಣವನಿದ್ದಾಗ ಜೋಳದ ಹೊಲದಲ್ಲಿ ಹೀಗೆಯೇ ಓಡುತ್ತಿದ್ದ. ಬಿಸಿಲು ಇಳಿಯುವವರೆಗೆ ಓಡಿದ. ಭೇಟಿಯ ಹೊತ್ತು ಮುಗಿದ ಸೀಟಿ ಊದಿದರು. ಬುಟ್ಟಿ ಹಿಡಿದು ನಿಮ್ಮ ಅಜ್ಜ ಆಗಲೇ ಬಸ್ಸು ಹತ್ತಿದ್ದರು. ಆಗ ಅವನು ಬೇಲಿಯ ಹತ್ತಿರ ಬಂದ, ಏದುಸಿರು ಬಿಡುತ್ತ, ನಗುತ್ತ.

"ಅಕ್ಕಾ, ಇಲ್ಲೀ ಕಾಗಿಗೆಲ್ಲ ನನ್ನ ಮಾರಿ ಗುರುತಾತು ನೋಡು. ನಾ ಸತ್ತರೂ ಪಿಂಡಕ್ಕ ಬರೂದಿಲ್ಲ ಅವು."

"ಬಿಡ್ತು ಅನ್ನೋ, ಖೋಡಿ. ಕಡಬು ತಿನ್ನಲಿಲ್ಲಲ್ಲೋ ನೀನು."

"ರಜಾಕ್ಕ ಬಂದಾಗ ಮಾಡಿಕೊಡು. ಆವಾಗ ಚರಗ-ಗಿರಗ ಅನಬ್ಯಾಡ ಮತ್ತ."

ಮನೆಗೆ ಬಂದಾಗ ಅತ್ತೆಯವರು ಕೇಳಿದರು, "ಚರಗ ಛಲೋ ಆತೇನವಾ?"

"ಭಾಳ ಛಲೋ ಆತ್ರಿ" ಎಂದೆ.

ರಜೆಗೆ ಅವನು ಬರಲಿಲ್ಲ, ತಂತಿ ಬಂತು. ವಿಮಾನ ಮಂಜಿನಲ್ಲಿ ಗುಡ್ಡಕ್ಕೆ ಬಡಿದಿತ್ತು. ಹಕ್ಕಿ ಬಡಿದದ್ದಲ್ಲ. ಅದನ್ನು ನಿಮ್ಮ ಅಜ್ಜ ತಂತಿ ಓದಿದವರ ಹತ್ತಿರ ಎರಡೆರಡು ಸಲ ಕೇಳಿ ಬಂದು ನನಗೆ ಹೇಳಿದರು. ಯಾಕೆ ಕೇಳಿದಿರಿ ಎಂದು ನಾನು ಕೇಳಲಿಲ್ಲ.

ತವರಿನಲ್ಲಿ ಅವನ ದಿನಕರ್ಮ ಮಾಡಿದರು. ಹೊಳೆಯ ದಂಡೆಯಲ್ಲಿ ಎಡೆ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತರು. ಹುಣಸೆ ಮರದ ತುಂಬ ಕಾಗೆಗಳಿದ್ದವು. ಒಂದೂ ಕೆಳಗಿಳಿಯಲಿಲ್ಲ. "ಏನೋ ಆಸೆ ಉಳದೈತಿ ಹುಡುಗಂದು" ಎಂದರು ಹಿರಿಯರು. "ನಿಮ್ಮವ್ವನ್ನ ನೋಡಿಕೋತೇವಪಾ" ಎಂದು ಕಾಕಾ ಕೈ ಮುಗಿದ. ಇಳಿಯಲಿಲ್ಲ. ಮತ್ತೊಬ್ಬರು ಮತ್ತೊಂದು ಮಾತು ಕೊಟ್ಟರು. ಇಳಿಯಲಿಲ್ಲ. ಎಡೆಯಲ್ಲಿ ಕರಿಗಡಬು ಇತ್ತು, ನಾನೇ ಮಾಡಿದ್ದು. ಅದನ್ನೂ ನೋಡಲಿಲ್ಲ.

ಬೇಡವಾದಾಗ ಆಕಾಶ ಮುಚ್ಚಿ ಬಂದವು. ಬೇಕಾದಾಗ ಒಂದೂ ಇಲ್ಲ.

ಆಗ ನಾನು, ನಾಲ್ಕು ಗಂಡಸರ ಎದುರಿಗೆ ಎಂದೂ ಬಾಯಿ ತೆರೆಯದವಳು, ಮರದ ಕೆಳಗೆ ಹೋಗಿ ನಿಂತು ಕೂಗಿ ಹೇಳಿದೆ: "ಅವ ಬೇಕಂತ ನಿಮ್ಮನ್ನ ಓಡಿಸಲಿಲ್ರಿ. ಸಾಹೇಬರ ಹುಕುಂ ಇತ್ತು. ನಿಮ್ಮನ್ನ ಕರದಾಕಿ ನಾನು. ಅವನ ಮ್ಯಾಲ ಸಿಟ್ಟು ಬ್ಯಾಡ್ರಿ. ಬರ್ರಿ."

ಅಕ್ಕನಿಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು, ಕಾಕಾ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಕರೆತಂದ. ಕಾಗೆಗಳು ಕೊಂಬೆ ಬಿಟ್ಟು ಅಲುಗಲಿಲ್ಲ. ಕಡೆಗೆ ಎಡೆಯನ್ನು ಆಕಳಿಗೆ ಹಾಕಿದರು.

ಅಂದಿನಿಂದ ನಾನು ಕಾಗೆಗಳನ್ನು ಬಹುವಚನದಲ್ಲೇ ಕರೆಯುತ್ತೇನೆ. ಈಗ ನಮ್ಮ ಹಿತ್ತಿಲಿಗೆ ಕರೆದ ಕೂಡಲೇ ಬರುತ್ತವೆ, ಕಡಬು ತಿನ್ನುತ್ತವೆ. ನನ್ನ ಮರ್ಯಾದೆಯ ಮಾತಿಗೆ ಒಲಿದವು, ಹನಮಂತನ ಮೇಲಿನ ಸಿಟ್ಟು ಬಿಟ್ಟವು ಎಂದು ನಾನು ಬಹಳ ದಿನ ನಂಬಿದ್ದೆ. ಮೊನ್ನೆ ನೋಡಿದರೆ, ಪಕ್ಕದ ಮನೆಯಾಕೆ "ಏ, ಹೋಗು" ಎಂದು ಬೈದು ಒಗೆದ ಹಳಸಿದ ಅನ್ನವನ್ನೂ ಅವು ಅಷ್ಟೇ ಸಂತೋಷದಿಂದ ತಿನ್ನುತ್ತಿದ್ದವು.

ಆದರೂ ನಾನು "ಬರ್ರಿ" ಎಂದೇ ಅನ್ನುತ್ತೇನೆ. ನೀವು ನಗುವುದಿದ್ದರೆ ನಗಿರಿ. ಅವನೂ ನಗುತ್ತಲೇ ಓಡುತ್ತಿದ್ದ.